ಇಳಿದು ಹೋದವರ ಟವೆಲ್: ವಿಎಂ ಡಿಸ್ಕಿನಿಂದ ಜಾಗ ವಾಪಸ್ ಪಡೆದ ಕಥೆ

ನಮ್ಮ ಟೀಮಿನ ಟೆಸ್ಟ್ ಸರ್ವರ್‌ನಲ್ಲಿ ಇರುವುದು ಒಂದೇ ಒಂದು 1 ಟಿಬಿ ಎಸ್‌ಎಸ್‌ಡಿ. ಅದರ ಮೇಲೆ ಲಿನಕ್ಸ್‌ನ ಕೆವಿಎಂ ಬಳಸಿ ಒಂಬತ್ತು ವಿಎಂ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್) ಓಡಿಸುತ್ತಿದ್ದೇನೆ. ಎಲ್ಲದರ ಡಿಸ್ಕೂ ನಿಜವಾಗಿ ಸರ್ವರ್‌ನಲ್ಲಿರುವ ಒಂದೊಂದು ಕ್ಯೂಕೌ2 ಮಾದರಿಯ ಫೈಲು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಹೋಸ್ಟ್‌ನಲ್ಲಿ, ಅಂದರೆ ಇವನ್ನೆಲ್ಲ ಹೊತ್ತ ಆ ಸರ್ವರ್‌ನಲ್ಲಿ, ಉಳಿದಿದ್ದು ಬರೀ 41 ಜಿಬಿ.

ಯಾರು ತಿಂದರು ಅಂತ ಹುಡುಕುವುದು ಕಷ್ಟವಾಗಲಿಲ್ಲ. ಬಿಲ್ಡ್ ಓಡಿಸುವ ವಿಎಂನ ಫೈಲೊಂದೇ 187 ಜಿಬಿ ಇತ್ತು. ಒಳಗೆ ಲಾಗಿನ್ ಆಗಿ ಹಳೇ ಡಾಕರ್ ಇಮೇಜು, ಬಿಲ್ಡ್ ಕ್ಯಾಶ್, ಯಾರೋ ಯಾವತ್ತೋ ಇಟ್ಟು ಮರೆತ ಟಾರ್ ಫೈಲು ಎಲ್ಲ ಗುಡಿಸಿ ಹಾಕಿದೆ. ಡಿಸ್ಕ್ ಬಳಕೆ ತೋರಿಸುವ ಒಳಗಿನ ಡಿಎಫ್ ಕಮಾಂಡ್ ಈಗ 38 ಜಿಬಿ ಬಳಕೆ ಅಂತು. ಖುಷಿಯಾಗಿ ಹೋಸ್ಟ್‌ಗೆ ಬಂದು ನೋಡಿದರೆ ಅದೇ 41 ಜಿಬಿ. ಒಂದು ಎಂಬಿನೂ ಹೆಚ್ಚಾಗಿಲ್ಲ.

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಗೊತ್ತಲ್ವಾ? ಇಲ್ಲಿ ಆಗುವುದೂ ಅದೇ. ವಿಎಂ ಹೊಸ ಜಾಗಕ್ಕೆ ಬರೆದಾಗೆಲ್ಲ ಹೋಸ್ಟ್‌ನ ಕ್ಯೂಕೌ2 ಫೈಲು 64 ಕೆಬಿಯ ಒಂದೊಂದು ತುಂಡಾಗಿ ಬೆಳೆಯುತ್ತದೆ. ಆಮೇಲೆ ಒಳಗೆ ಫೈಲ್ ಅಳಿಸಿದರೆ ವಿಎಂನ ಫೈಲ್‌ಸಿಸ್ಟಮ್ ಎಕ್ಸ್‌ಟಿ4 ತನ್ನ ಲೆಕ್ಕದಲ್ಲಿ ‘ಈ ಜಾಗ ಖಾಲಿ’ ಅಂತ ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ. ಹೊರಗೆ ಯಾರಿಗೂ ಹೇಳುವುದಿಲ್ಲ. ಕೂತವನು ಇಳಿದು ಹೋಗಿದ್ದಾನೆ, ಟವೆಲ್ ಮಾತ್ರ ಸೀಟಿನ ಮೇಲೇ ಇದೆ. ಹೋಸ್ಟ್‌ಗೆ ಕಾಣುವುದು ಟವೆಲ್ ಅಷ್ಟೇ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಹಾಗಾಗಿಯೇ ಎಡವಟ್ಟು ಮಾಡಿಕೊಂಡೆ. ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ, ಆಮೇಲೆ ಇಮೇಜನ್ನು ಕನ್ವರ್ಟ್ ಮಾಡಿದರೆ ಸೊನ್ನೆಗಳು ಉದುರಿ ಹೋಗಿ ಫೈಲು ಚಿಕ್ಕದಾಗುತ್ತದೆ ಎಂಬುದು ಹಳೇ ಉಪಾಯ. ಚಿಕ್ಕದರಲ್ಲಿ ಪ್ರಯೋಗ ಮಾಡೋಣ ಅಂತ ಡೇಟಾಬೇಸ್ ವಿಎಂ ಆರಿಸಿಕೊಂಡೆ. ಅದರ ಡಿಸ್ಕ್ 120 ಜಿಬಿ, ಹೋಸ್ಟ್‌ನಲ್ಲಿ ಹಿಡಿದಿದ್ದು 64, ಒಳಗೆ ನಿಜವಾದ ಬಳಕೆ 22. ಒಳಗೆ ಡಿಡಿ ಕಮಾಂಡ್ ಕೊಟ್ಟು ಸೊನ್ನೆ ತುಂಬಲು ಬಿಟ್ಟು ಕಾಫಿಗೆ ಹೋದೆ.

ಲೆಕ್ಕ ನೀವೇ ಹಾಕಿ. ಸೊನ್ನೆ ಬರೆದರೂ ಬರೆದಂತೆಯೇ. 64 ಜಿಬಿ ಫೈಲು 120ರ ಕಡೆಗೆ ಬೆಳೆಯಲು ಹೊರಟಿತು. ಬೇಕಾದದ್ದು 56, ಇದ್ದದ್ದು 41. ಕಾಫಿ ಮುಗಿಸಿ ಬರುವಷ್ಟರಲ್ಲಿ ಹೋಸ್ಟ್ ಭರ್ತಿ. ಹೊಸ ಜಾಗ ಕೇಳಿದ ವಿಎಂಗಳು ಒಂದೊಂದಾಗಿ ‘ಪಾಜ್ಡ್’ (ತಾತ್ಕಾಲಿಕವಾಗಿ ತಡೆದ) ಸ್ಥಿತಿಗೆ ಹೋಗಿ ನಿಂತಿದ್ದವು. ಬಿಲ್ಡ್ ನಿಂತಿದೆ ಅಂತ ಎರಡು ಫೋನು ಬೇರೆ.

ಒಂದು ಸಮಾಧಾನ ಏನೆಂದರೆ, ಜಾಗ ಸಿಗದಾಗ ಕ್ಯೂಎಮು (ಹೋಸ್ಟ್‌ನಲ್ಲಿ ವಿಎಂ ಓಡಿಸುವ ಪ್ರೋಗ್ರಾಂ) ವಿಎಂಗೆ ಎರರ್ ಕೊಟ್ಟು ಫೈಲ್‌ಸಿಸ್ಟಮ್ ಕೆಡಿಸುವುದಿಲ್ಲ. ಇದ್ದ ಹಾಗೇ ನಿಲ್ಲಿಸಿಬಿಡುತ್ತದೆ. ಜಾಗ ಮಾಡಿಕೊಟ್ಟು ರೆಸ್ಯೂಮ್ ಅಂದರೆ ಏನೂ ಆಗದವರ ಹಾಗೆ ಮುಂದುವರಿಯುತ್ತದೆ. ಹೋಸ್ಟ್‌ನಲ್ಲಿದ್ದ ಹಳೇ ಐಎಸ್‌ಒ ಫೈಲುಗಳನ್ನು ಅಳಿಸಿ 14 ಜಿಬಿ ಮಾಡಿಕೊಂಡೆ. ಬೇರೆ ವಿಎಂಗಳನ್ನು ಮೊದಲು ಎಬ್ಬಿಸಿದೆ. ಡೇಟಾಬೇಸ್ ವಿಎಂ ಮಾತ್ರ ಕೊನೆಗೆ. ಯಾಕೆಂದರೆ ಅದು ಎದ್ದ ಕೂಡಲೇ ಡಿಡಿ ಮತ್ತೆ ತಿನ್ನಲು ಶುರು ಮಾಡುತ್ತದೆ. ಒಂದು ಕೈಯಲ್ಲಿ ರೆಸ್ಯೂಮ್, ಇನ್ನೊಂದು ಕೈ ಕಂಟ್ರೋಲ್-ಸಿ ಮೇಲೆ. ಆ ಸೊನ್ನೆ ತುಂಬಿದ ಫೈಲನ್ನು ಆಮೇಲೆ ಅಳಿಸಿದೆ. ಅಳಿಸಿದರೆ ಹೋಸ್ಟ್‌ಗೆ ಏನೂ ವಾಪಸ್ ಬರುವುದಿಲ್ಲ ಅಂತ ಈಗ ನಿಮಗೂ ಗೊತ್ತು. 64 ಇದ್ದದ್ದು 105 ಆಗಿ ಕೂತಿತು.

ಈ ಸೊನ್ನೆ ತುಂಬುವ ದಾರಿಯೇ ಹಿಡಿಯಬೇಕಾದರೆ, ಎಕ್ಸ್‌ಟಿ4ಗೆ ಝೀರೋಫ್ರೀ ಎಂಬ ಸಲಕರಣೆ ಇದೆ. ಅದು ಖಾಲಿ ಬ್ಲಾಕನ್ನು ಮೊದಲು ಓದಿ ನೋಡುತ್ತದೆ. ಅದರಲ್ಲಿ ಕಸ ಇದ್ದರೆ ಮಾತ್ರ ಸೊನ್ನೆ ಬರೆಯುತ್ತದೆ, ಆದ್ದರಿಂದ ಫೈಲು ಊದಿಕೊಳ್ಳುವುದಿಲ್ಲ. ಆದರೆ ಆ ಪಾರ್ಟಿಶನ್ ಅನ್‌ಮೌಂಟ್ ಆಗಿರಬೇಕು, ಇಲ್ಲವೇ ರೀಡ್-ಓನ್ಲಿ ಇರಬೇಕು. ನನ್ನ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್‌ನ ವಿಡಿಐ ಡಿಸ್ಕ್ ಫೈಲಿಗೆ ಈಗಲೂ ಹೀಗೇ ಮಾಡುತ್ತೇನೆ. ಝೀರೋಫ್ರೀ ಓಡಿಸಿ, ವಿಎಂ ಆಫ್ ಮಾಡಿ, ವಿಬಾಕ್ಸ್‌ಮ್ಯಾನೇಜ್‌ನ ಕಾಂಪ್ಯಾಕ್ಟ್ ಕೊಟ್ಟರೆ ಮುಗಿಯಿತು.

ಸರ್ವರ್‌ಗೆ ಸರಿಯಾದ ದಾರಿ ಡಿಸ್ಕಾರ್ಡ್. ಅಂದರೆ ಟವೆಲ್ ತೆಗೆಯುವ ಕೆಲಸವನ್ನು ವಿಎಂಗೇ ವಹಿಸುವುದು. ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಅದು ಖಾಲಿ ಬ್ಲಾಕುಗಳ ಪಟ್ಟಿಯನ್ನು ಕೆಳಗೆ ಕಳಿಸುತ್ತದೆ. ಕ್ಯೂಎಮು ಅದನ್ನು ಹಿಡಿದು ಹೋಸ್ಟ್ ಫೈಲಿನಲ್ಲಿ ಅಷ್ಟು ಜಾಗಕ್ಕೆ ತೂತು ಹೊಡೆಯುತ್ತದೆ, ಆ ಜಾಗ ಹೋಸ್ಟ್‌ಗೆ ವಾಪಸ್. ಬಿಲ್ಡ್ ವಿಎಂನಲ್ಲಿ ಓಡಿಸಿದೆ. 150 ಜಿಬಿ ಹತ್ತಿರ ಟ್ರಿಮ್ ಆಯಿತು ಅಂತ ಠೀವಿಯಿಂದ ಹೇಳಿತು. ಹೋಸ್ಟ್‌ನಲ್ಲಿ ನೋಡಿದರೆ ಮತ್ತೆ ಏನೂ ಇಲ್ಲ!

ಈ ಒಂದು ಜಾಗದಲ್ಲಿ ನನ್ನ ಅರ್ಧ ದಿನ ಹೋಯಿತು. ಡಿಸ್ಕಿನ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ‘ಅನ್‌ಮ್ಯಾಪ್’ ಅಂತ ಇಲ್ಲದಿದ್ದರೆ ಕ್ಯೂಎಮು ಬಂದ ಪಟ್ಟಿಗೆ ‘ಆಯ್ತು, ಆಯ್ತು’ ಅಂತ ತಲೆಯಾಡಿಸಿ ಕಸದ ಬುಟ್ಟಿಗೆ ಹಾಕುತ್ತದೆ. ಎರರ್ ಇಲ್ಲ, ಲಾಗ್‌ನಲ್ಲೂ ಸುದ್ದಿ ಇಲ್ಲ. ವಿಎಂ ಸೆಟ್ಟಿಂಗ್ ತಿದ್ದುವ ವರ್ಶ್ ಎಡಿಟ್‌ನಲ್ಲಿ ಆ ಒಂದು ಪದ ಸೇರಿಸಿ ವಿಎಂ ಒಳಗಿನಿಂದ ರೀಬೂಟ್ ಮಾಡಿದೆ. ಆಗಲೂ ಇಲ್ಲ. ಒಳಗಿನಿಂದ ರೀಬೂಟ್ ಆದರೆ ಕ್ಯೂಎಮು ಪ್ರೋಸೆಸ್ ಹಳೆಯದೇ ಇರುತ್ತದೆ, ಹೊಸ ಸೆಟ್ಟಿಂಗ್ ಓದುವುದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ ಹೋಸ್ಟ್‌ನಿಂದ ಸ್ಟಾರ್ಟ್ ಮಾಡಬೇಕು. ಮಾಡಿದೆ. ಎಫ್‌ಎಸ್‌ಟ್ರಿಮ್ ಮತ್ತೆ ಓಡಿಸಿದೆ. ಪಕ್ಕದ ವಿಂಡೋದಲ್ಲಿ ಡಿಯು ತೋರಿಸುತ್ತಿದ್ದ ಸಂಖ್ಯೆ 187ರಿಂದ 40ಕ್ಕೆ ಇಳಿಯುವುದನ್ನು ಕೂತು ನೋಡಿದೆ.

ಪಕ್ಕದಲ್ಲಿ ಕೂರುವ ಹುಡುಗ ಬಂದು ಇಣುಕಿದ. ‘ಸರ್, ಫೈಲ್ ಇನ್ನೂ ಅಷ್ಟೇ ಇದೆಯಲ್ಲ?’ ಅಂದ. ಅವನು ನೋಡುತ್ತಿದ್ದದ್ದು ಎಲ್‌ಎಸ್. ಎಲ್‌ಎಸ್ ಫೈಲಿನ ಉದ್ದ ಹೇಳುತ್ತದೆ, ತೂತು ಸೇರಿಸಿ. ನಿಜವಾಗಿ ಎಷ್ಟು ಜಾಗ ಹಿಡಿದಿದೆ ಅಂತ ಹೇಳುವುದು ಡಿಯು. ಇನ್ನೊಂದು ಮಾತು: ಇಂಥ ಫೈಲನ್ನು ಎಸ್‌ಸಿಪಿಯಲ್ಲಿ ಬೇರೆ ಕಡೆ ಕಳಿಸಿದರೆ ತೂತುಗಳೆಲ್ಲ ಸೊನ್ನೆಯಾಗಿ ತುಂಬಿಕೊಂಡು ಪೂರ್ತಿ ಗಾತ್ರದಲ್ಲಿ ಹೋಗಿ ಕೂರುತ್ತದೆ. ಆರ್‌ಸಿಂಕ್ ಬಳಸಿ, ಸ್ಪಾರ್ಸ್ ಆಯ್ಕೆ ಕೊಡಿ.

ಡೇಟಾಬೇಸ್ ವಿಎಂ ಇದೇ ದಾರಿಯಲ್ಲಿ 105ರಿಂದ 24ಕ್ಕೆ ಬಂತು. ಇನ್ನೊಂದು ಟೆಸ್ಟ್ ವಿಎಂ ಟ್ರಿಮ್ ಮಾಡಿದರೂ ಜಗ್ಗಲಿಲ್ಲ. ಸ್ನ್ಯಾಪ್‌ಶಾಟ್ (ಡಿಸ್ಕಿನ ಒಂದು ಹೊತ್ತಿನ ಸ್ಥಿತಿಯನ್ನು ಹಾಗೇ ಉಳಿಸಿಟ್ಟದ್ದು) ಪಟ್ಟಿ ತೆಗೆದರೆ, ‘ಅಪ್‌ಗ್ರೇಡ್‌ಗೆ ಮುಂಚೆ’ ಅಂತ ನಾನೇ ತೆಗೆದಿಟ್ಟು ಮರೆತದ್ದು ಒಂದು ಸಿಕ್ಕಿತು. ಸ್ನ್ಯಾಪ್‌ಶಾಟ್ ಹಿಡಿದುಕೊಂಡ ಬ್ಲಾಕನ್ನು ಯಾವ ಟ್ರಿಮ್ಮೂ ಬಿಡಿಸಲಾರದು. ಅದನ್ನು ಅಳಿಸಿದ ಮೇಲೆ 54 ಜಿಬಿ ಬಂತು. ವಿಂಡೋಸ್ ವಿಎಂನಲ್ಲಿ ಪವರ್‌ಶೆಲ್‌ನ ಆಪ್ಟಿಮೈಜ್-ವಾಲ್ಯೂಮ್‌ಗೆ ರೀಟ್ರಿಮ್ ಅಂತ ಕೊಟ್ಟೆ, ಕೆಲಸ ಆಯಿತು.

2018ರಲ್ಲಿ ಮಾಡಿದ ಒಂದು ವಿಎಂ ಮಾತ್ರ ‘ಡಿಸ್ಕಾರ್ಡ್ ಆಗಲ್ಲ’ ಅಂತ ನೇರವಾಗಿಯೇ ಹೇಳಿತು. ವಿಎಂಗೆ ಡಿಸ್ಕ್ ಜೋಡಿಸುವ ಒಂದು ಬಗೆ ವರ್ಟ್‌ಐಒ-ಬ್ಲಾಕ್, ಅಂಥ ಡಿಸ್ಕಿಗೆ ಡಿಸ್ಕಾರ್ಡ್ ಬಂದದ್ದು 2019ರ ಕ್ಯೂಎಮು 4.0ರಲ್ಲಿ. ಹೋಸ್ಟ್ ಹೊಸದಾದರೂ ಹಳೇ ವಿಎಂ ತನ್ನ ಹಳೇ ಮೆಷಿನ್ ಟೈಪ್ (ಮಾಡಿದಾಗಿನ ಯಂತ್ರದ ಮಾದರಿ) ಹಿಡಿದುಕೊಂಡೇ ಇರುತ್ತದೆ. ಡಿಸ್ಕನ್ನು ವರ್ಟ್‌ಐಒ-ಸ್ಕಸಿ ಎಂಬ ಇನ್ನೊಂದು ಬಗೆಗೆ ಬದಲಾಯಿಸಿದೆ. ಒಳಗೆ ಡಿಸ್ಕಿಗಿದ್ದ ವಿಡಿಎ ಎಂಬ ಹೆಸರು ಎಸ್‌ಡಿಎ ಆಯಿತು. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಅಂತ ಹೇಳುವ ಎಫ್‌ಎಸ್‌ಟ್ಯಾಬ್‌ ಫೈಲಿನಲ್ಲಿ ಒಂದು ಸಾಲು ಯುಯುಐಡಿ (ಬದಲಾಗದ ಗುರುತು ಸಂಖ್ಯೆ) ಬದಲು ಹಳೇ ಹೆಸರಲ್ಲೇ ಇತ್ತು, ಬೂಟ್ ಅರ್ಧಕ್ಕೇ ನಿಂತಿತು. ರೆಸ್ಕ್ಯೂ ಮೋಡ್‌ನಲ್ಲಿ ತಿದ್ದಿದೆ.

ಸಂಜೆ ಹೊತ್ತಿಗೆ ಹೋಸ್ಟ್‌ನಲ್ಲಿ ಹತ್ತಿರ ಹತ್ತಿರ 325 ಜಿಬಿ ಖಾಲಿ. ಉಬುಂಟು ವಿಎಂಗಳಲ್ಲಿ ಎಫ್‌ಎಸ್‌ಟ್ರಿಮ್ ಟೈಮರ್ ಮೊದಲಿನಿಂದಲೂ ವಾರಕ್ಕೊಮ್ಮೆ ಓಡುತ್ತಿತ್ತು. ಪಾಪ, ಇಷ್ಟು ದಿನ ಅದರ ಮಾತು ಕೇಳುವವರಿರಲಿಲ್ಲ. ಈಗ ಕೇಳಿಸಿಕೊಳ್ಳುತ್ತಿದೆ. ಹೋಸ್ಟ್ 80% ದಾಟಿದರೆ ನನಗೆ ಮೇಲ್ ಬರುವ ಹಾಗೆ ಒಂದು ಕ್ರಾನ್ (ಹೊತ್ತು ಹೊತ್ತಿಗೆ ತಾನಾಗಿ ಓಡುವ ಕೆಲಸ) ಕೂಡ ಹಾಕಿದ್ದೇನೆ.

ಒಂದು ವಿಎಂ ಮಾತ್ರ ಹಾಗೇ ಬಿಟ್ಟಿದ್ದೇನೆ. ಅದರೊಳಗೆ ಲಕ್ಸ್ ಎನ್‌ಕ್ರಿಪ್ಶನ್ ಇದೆ. ಲಕ್ಸ್ ತಾನಾಗಿ ಡಿಸ್ಕಾರ್ಡ್ ಕೆಳಗೆ ಬಿಡುವುದಿಲ್ಲ, ಕ್ರಿಪ್ಟ್‌ಟ್ಯಾಬ್ ಎಂಬ ಅದರ ಸೆಟ್ಟಿಂಗ್ ಫೈಲಿನಲ್ಲಿ ನಾವೇ ಹೇಳಬೇಕು. ಹೇಳಿದರೆ ಡಿಸ್ಕಿನಲ್ಲಿ ಯಾವ ಭಾಗ ಖಾಲಿ ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ. ಅಷ್ಟು ಬಿಟ್ಟುಕೊಡಬಹುದಾ ಅಂತ ಅದರ ಯಜಮಾನರನ್ನು ಕೇಳಬೇಕು. ಅವರು ರಜೆಯಲ್ಲಿದ್ದಾರೆ.