ರೀಬೂಟ್ ಬ್ಯಾಟ್‌ಮ್ಯಾನ್‌ಗೆ ನಾನು ಮಾರ್ಕ್ಸ್ ಹಾಕಿದ ಬಗೆ

2011ರಲ್ಲಿ ಡಿಸಿ ಕಾಮಿಕ್ಸ್‌ನವರು ತಮ್ಮ ಸೂಪರ್‌ಹೀರೋ ಲೋಕವನ್ನು ಅಳಿಸಿ ಹೊಸದಾಗಿ ಬರೆಯಲು ಹೊರಟರು. ಒಟ್ಟು 52 ಪುಸ್ತಕಗಳು, ಎಲ್ಲವೂ ಒಂದನೇ ಸಂಚಿಕೆಯಿಂದ. 900 ದಾಟಿದ್ದ 'ಆಕ್ಷನ್ ಕಾಮಿಕ್ಸ್' ಕೂಡ ಮತ್ತೆ ಒಂದಕ್ಕೆ ಬಂತು. ಹೀಗೆ ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡುವುದೇ ರೀಬೂಟ್. ಇದಕ್ಕೆ 'ನ್ಯೂ 52' ಅಂತ ಹೆಸರು. ಕಾಮಿಕ್ಸ್ ಓದಿ ವಿಮರ್ಶೆ ಬರೆಯುವ ಚಟ ಇರುವ ನನಗೆ ಇದು ಹಬ್ಬವೇ. ಇದರಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ಸ್ಕಾಟ್ ಸ್ನೈಡರ್ ಬರೆದು ಗ್ರೆಗ್ ಕಪುಲ್ಲೊ ಚಿತ್ರ ಬಿಡಿಸಿದ 'ಬ್ಯಾಟ್‌ಮ್ಯಾನ್' ಜೊತೆ.

ರೀಬೂಟ್‌ನ ಬರವಣಿಗೆಗೆ ನನ್ನ ಮೊದಲ ಪರೀಕ್ಷೆ ಸುಲಭ. ಸಿನಿಮಾ ಬಿಟ್ಟು ಬೇರೇನೂ ನೋಡದ ನನ್ನ ತಂಗಿಗೆ ಪುಸ್ತಕ ಕೊಡುತ್ತೇನೆ. ಅವಳು ಎಲ್ಲೆಲ್ಲಿ ಹಾಳೆ ಹಿಂದಕ್ಕೆ ತಿರುಗಿಸುತ್ತಾಳೆ ಅಂತ ಸುಮ್ನೆ ಗಮನಿಸುತ್ತೇನೆ. ಬಾಲಮಂಗಳದ ಡಿಂಗನ ಕಥೆ ಓದಲು ಹಿಂದಿನ ಸಂಚಿಕೆ ಬೇಕಿರಲಿಲ್ಲ, ಅಲ್ವಾ? ಬ್ಯಾಟ್‌ಮ್ಯಾನ್‌ಗೆ ಆ ಸೌಕರ್ಯ ಇಲ್ಲ. ಅವನ ಬೆನ್ನ ಮೇಲೆ 1939ರಿಂದ ಬಂದ ಹೊರೆ ಇದೆ.

ಮೊದಲ ಸಂಚಿಕೆಯಲ್ಲಿ ಸ್ನೈಡರ್ ಇದನ್ನು ಚೆನ್ನಾಗಿ ನಿಭಾಯಿಸಿದ್ದಾನೆ. ಬ್ರೂಸ್ ವೇಯ್ನ್, ಅಂದರೆ ಮುಖವಾಡ ತೆಗೆದ ಬ್ಯಾಟ್‌ಮ್ಯಾನ್, ಕಣ್ಣಿಗೆ ಒಂದು ಲೆನ್ಸ್ ಹಾಕಿಕೊಂಡು ಪಾರ್ಟಿಗೆ ಬರುತ್ತಾನೆ. ಆ ಲೆನ್ಸ್ ಎದುರಿಗಿರುವವರ ಮುಖ ಗುರುತಿಸಿ ವಿವರ ತೋರಿಸುತ್ತದೆ. ಬ್ಯಾಟ್‌ಮ್ಯಾನನ ಜೊತೆಗಾರರಾದ ಡಿಕ್, ಟಿಮ್, ಡೇಮಿಯನ್ ಯಾರು ಯಾರು ಅಂತ ಓದುಗರಿಗೂ ಅಲ್ಲೇ ಗೊತ್ತಾಗುತ್ತದೆ. ಪರಿಚಯ ಭಾಷಣ ಇಲ್ಲ, ಬ್ಯಾಟ್‌ಮ್ಯಾನನ ಯಂತ್ರವೇ ಆ ಕೆಲಸ ಮಾಡಿತು. ತಂಗಿ ಹಾಳೆ ಹಿಂದಕ್ಕೆ ತಿರುಗಿಸಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದಳು: "ಅಣ್ಣಾ, ಇವರೆಲ್ಲ ಒಂದೇ ಮನೆಯವರಾ? ಮುಖ ಒಂದೇ ಥರ ಇದೆಯಲ್ಲ?" ಪ್ರಶ್ನೆ ಸರಿಯಾಗೇ ಇತ್ತು. ಅದೇ ಕಪ್ಪು ಕೂದಲು, ಅದೇ ದವಡೆ. ಎತ್ತರ ಬಿಟ್ಟರೆ ವ್ಯತ್ಯಾಸ ಕಮ್ಮಿ. ಇಲ್ಲಿ ಕಪುಲ್ಲೊಗೆ ಅರ್ಧ ಮಾರ್ಕ್ಸ್ ಕಳೆದೆ. ಮೇಯರ್ ಆಗಲು ಹೊರಟ ಲಿಂಕನ್ ಮಾರ್ಚ್ ಕೂಡ ಬ್ರೂಸ್ ಥರವೇ ಕಾಣುತ್ತಾನೆ. ಅದಕ್ಕೆ ಮಾತ್ರ ಕಳೆಯಲಿಲ್ಲ. ಕಾರಣ ಮುಂದೆ ಕಥೆಯಲ್ಲೇ ಇದೆ, ಹೇಳಿ ಮಜಾ ಕೆಡಿಸಲ್ಲ.

ಇನ್ನು ಕಾಲದ ಲೆಕ್ಕ. ಈ ಹೊಸ ಲೋಕದಲ್ಲಿ ಸೂಪರ್‌ಹೀರೋಗಳು ಜನರ ಕಣ್ಣಿಗೆ ಬಿದ್ದು ಐದೇ ವರ್ಷ. ಅಷ್ಟರಲ್ಲಿ ಬ್ಯಾಟ್‌ಮ್ಯಾನ್‌ಗೆ ಸಾಲು ಸಾಲು ರಾಬಿನ್‌ಗಳು, ಅಂದರೆ ಕಿರಿಯ ಜೊತೆಗಾರರು, ಜೊತೆಗೆ ಹತ್ತು ವರ್ಷದ ಮಗ ಡೇಮಿಯನ್! ಇದು ಎಷ್ಟು ಎಳೆದರೂ ಕೂಡಿಬರದ ಲೆಕ್ಕ. ಆದರೆ ತಪ್ಪು ಇಡೀ ರೀಬೂಟ್‌ನದ್ದು. ಅದನ್ನು ಒಬ್ಬ ಬರಹಗಾರನ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಚಿತ್ರಕ್ಕೆ ನಾನು ಮಾಡುವುದು ಬೇರೆ ಕೆಲಸ. ಎರಡನೇ ಸಲ ಓದುವಾಗ ಮಾತಿನ ಬಲೂನು, ನಿರೂಪಣೆಯ ಡಬ್ಬಿಗಳ ಮೇಲೆಲ್ಲ ಚೀಟಿ ಇಡುತ್ತೇನೆ. ಬರೀ ಚಿತ್ರದಲ್ಲಿ ಕಥೆ ಎಷ್ಟು ನಡೆಯುತ್ತದೆ ನೋಡಬೇಕು. ಸ್ನೈಡರ್‌ಗೆ ಮಾತು ಜಾಸ್ತಿ. ಬ್ರೂಸ್‌ನ ಒಳಮಾತು ಎಷ್ಟೋ ಕಡೆ ಚಿತ್ರ ಆಗಲೇ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಚೀಟಿ ಇಟ್ಟಾಗ ಕೆಲವು ಪುಟ ಇನ್ನೂ ಚೆನ್ನಾಗಿ ಓದಿಸಿಕೊಂಡವು. ಚಿತ್ರ ಅಂದಾಗ ಕಪುಲ್ಲೊ ಹೆಸರು ಮಾತ್ರ ಬರೆದು ಮುಗಿಸುವುದೂ ನನಗೆ ಆಗದ ಮಾತು. ಪೆನ್ಸಿಲ್ ಗೆರೆಗೆ ಶಾಯಿ ತುಂಬಿದ್ದು ಜೊನಾಥನ್ ಗ್ಲೇಪಿಯನ್, ಬಣ್ಣ ಎಫ್‌ಸಿಒ ಪ್ಲಾಸೆನ್ಸಿಯಾ. ಬ್ಯಾಟ್‌ಮ್ಯಾನನ ಊರು ಗಾಥಮ್ ಅಂದರೆ ಕಪ್ಪು, ನೀಲಿ ಅಷ್ಟೇ ಅಂದುಕೊಂಡವರು ಇಲ್ಲಿನ ಕೇಸರಿ, ಕೆಂಪು ನೋಡಬೇಕು.

ಐದನೇ ಸಂಚಿಕೆ ಬಂದಾಗ ಬರವಣಿಗೆ, ಚಿತ್ರ ಅನ್ನುವ ಈ ಎರಡು ಖಾನೆಯ ಲೆಕ್ಕ ಕೆಲಸಕ್ಕೆ ಬರಲಿಲ್ಲ. 'ಕೋರ್ಟ್ ಆಫ್ ಔಲ್ಸ್' ಅನ್ನುವ ಗುಪ್ತ ಕೂಟ ಬ್ಯಾಟ್‌ಮ್ಯಾನನ್ನು ನೆಲದಡಿಯ ಚಕ್ರವ್ಯೂಹಕ್ಕೆ ತಳ್ಳಿರುತ್ತದೆ. ಸುತ್ತ ಬಿಳಿ ಅಮೃತಶಿಲೆಯ ಗೋಡೆ. ಅವನು ನಾಪತ್ತೆಯಾಗಿ ದಿನಗಳೇ ಕಳೆದಿವೆ. ಮುಖವಾಡ ಹರಿದು ಒಂದು ಕಣ್ಣು ಹೊರಗೆ ಕಾಣುತ್ತಿದೆ. ಅವನ ಬುದ್ಧಿ ಹಿಡಿತ ತಪ್ಪುತ್ತಿದ್ದ ಹಾಗೆ ಪುಟವೇ ಅಡ್ಡ ತಿರುಗುತ್ತದೆ. ಓದಬೇಕಂದರೆ ಪುಸ್ತಕ ತಿರುಗಿಸಬೇಕು. ಇನ್ನೂ ಮುಂದೆ ಪುಟ ತಲೆಕೆಳಗು. ಆಗ ಹಾಳೆಯನ್ನೂ ಉಲ್ಟಾ ದಿಕ್ಕಿಗೆ ಮಗುಚಬೇಕು.

ತಂಗಿ ಮೊದಲು ಕೇಳಿದ್ದು, "ಬೈಂಡಿಂಗ್ ತಪ್ಪಾಗಿದೆಯಾ?" ಅಂತ. ಆಮೇಲೆ ಪುಸ್ತಕ ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು, "ನಾನು ಈಗ ಮುಂದೆ ಹೋಗ್ತಿದೀನಾ, ಹಿಂದೆ ಹೋಗ್ತಿದೀನಾ?" ಅಂದಳು. ಬ್ಯಾಟ್‌ಮ್ಯಾನ್‌ಗೂ ಅದೇ ಗೊತ್ತಾಗುತ್ತಿಲ್ಲ. ಇದರಲ್ಲಿ ಬರವಣಿಗೆ ಎಷ್ಟು, ಚಿತ್ರ ಎಷ್ಟು ಅಂತ ಹೇಗೆ ಬಿಡಿಸುವುದು? ಅವತ್ತಿಂದ ನಾನು ಮೂರನೇ ಖಾನೆ ಸೇರಿಸಿದೆ: ಪುಟ ಓದುಗನ ಕೈಯಲ್ಲಿ ಏನು ಮಾಡಿಸುತ್ತದೆ ಅಂತ. ಟ್ಯಾಬ್ಲೆಟ್‌ನಲ್ಲಿ ಓದುವವರು ಆಟೋ ರೊಟೇಟ್ ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ನೀವು ತಿರುಗಿಸಿದಾಗಲೆಲ್ಲ ಪುಟವೂ ತಿರುಗಿ ನಿಂತು ಆಟ ಕೆಡಿಸುತ್ತದೆ.

ಇದೇ ಮೂರು ಖಾನೆ ಇಟ್ಟುಕೊಂಡು ಅದೇ ರೀಬೂಟ್‌ನ 'ಜಸ್ಟೀಸ್ ಲೀಗ್' ಒಂದನೇ ಸಂಚಿಕೆ ನೋಡಿದೆ. ಜೆಫ್ ಜಾನ್ಸ್ ಬರವಣಿಗೆ, ಜಿಮ್ ಲೀ ಚಿತ್ರ. ಚಿತ್ರದ ಅಬ್ಬರಕ್ಕೆ ಎರಡು ಮಾತಿಲ್ಲ. ಆದರೆ ಮುಖಪುಟದಲ್ಲಿ ಇಡೀ ತಂಡ ಇದೆ. ಒಳಗೆ ಬ್ಯಾಟ್‌ಮ್ಯಾನ್, ಗ್ರೀನ್ ಲ್ಯಾಂಟರ್ನ್ ಜಗಳವೇ ಜಾಸ್ತಿ. ಸೂಪರ್‌ಮ್ಯಾನ್ ಬರುವ ಹೊತ್ತಿಗೆ ಸಂಚಿಕೆಯೇ ಮುಗಿಯುತ್ತದೆ, ವಂಡರ್ ವುಮನ್ ಸುಳಿವೇ ಇಲ್ಲ. ಅವಳಿಗಾಗಿ ಬ್ರಯನ್ ಅಝರೆಲ್ಲೊ, ಕ್ಲಿಫ್ ಚಿಯಾಂಗ್ ಜೋಡಿಯ 'ವಂಡರ್ ವುಮನ್' ತೆಗೆದುಕೊಳ್ಳಿ. ಚಿಯಾಂಗ್‌ನ ದಪ್ಪ, ನೇರ ಗೆರೆಗೆ ನಾನು ಬ್ಯಾಟ್‌ಮ್ಯಾನ್‌ಗಿಂತ ಒಂದು ಮಾರ್ಕ್ಸ್ ಜಾಸ್ತಿಯೇ ಕೊಟ್ಟಿದ್ದೇನೆ.