ಹೊಸ ಬೈಕ್ ಸವಾರರನ್ನು ಜೊತೆಗೆ ಕರೆದೊಯ್ಯುವಾಗ
ಹೊಸಬರನ್ನು ಸಾಲಿನ ಕೊನೆಗೆ ಹಾಕಬೇಡಿ. ಹಿಂದೆ ಉಳಿದರೆ, ಮುಂದಿನವರನ್ನು ಹಿಡಿಯಲು ಕೈಮೀರಿದ ವೇಗಕ್ಕೆ ಹೋಗಿಬಿಡುತ್ತಾರೆ. ಮುಂದಾಳಿನ ಹಿಂದೆಯೇ, ಎರಡನೆಯವರಾಗಿ ಬರಲಿ. ಎಲ್ಲರೂ ಹೊಸಬರ ವೇಗಕ್ಕೇ ಹೊಂದಿಕೊಳ್ಳಿ. ನಡುವೆ ಕನಿಷ್ಠ 2 ಸೆಕೆಂಡ್ ಅಂತರವಿರಲಿ, ಮಳೆಯಲ್ಲಿ ಅದರ ದುಪ್ಪಟ್ಟು.

ಅದಕ್ಕೂ ಮೊದಲು ಖಾಲಿ ಜಾಗದಲ್ಲಿ, ಒಣ ಟಾರಿನ ಮೇಲೆ ಬ್ರೇಕ್ ಅಭ್ಯಾಸ ಮಾಡಿಸಿ. ಮುಂದಿನ ಬ್ರೇಕ್ ಹಿಡಿದರೆ ಬಿದ್ದೇಬಿಡುತ್ತೇವೆ ಅನ್ನೋ ಭಯ ತುಂಬಾ ಜನಕ್ಕಿದೆ, ಅಲ್ವಾ? ನಿಜಕ್ಕೂ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಡಿತ ಅಲ್ಲೇ ಜಾಸ್ತಿ. ಒಮ್ಮೆಲೇ ಗಟ್ಟಿಯಾಗಿ ಹಿಡಿಯದೆ, ಮೆಲ್ಲಗೆ ಶುರುಮಾಡಿ ಒತ್ತಡ ಏರಿಸುವುದನ್ನು ಕಲಿಸಿ. ತಿರುವು ಬರುವ ಮೊದಲೇ, ಬೈಕ್ ನೇರವಾಗಿದ್ದಾಗಲೇ ವೇಗ ತಗ್ಗಿಸಲಿ.

ಓಡಿಸುವಾಗ ಕೂಗಿ ತಿದ್ದಬೇಡಿ. ಹೆಲ್ಮೆಟ್ ಒಳಗೆ ಮಾತು ಸರಿಯಾಗಿ ಕೇಳಿಸಲ್ಲ, ಸುಮ್ನೆ ಗಾಬರಿಯಾಗುತ್ತಾರೆ. ನಿಂತಾಗ ಒಂದೇ ಒಂದು ವಿಷಯ ಹೇಳಿ, ಉಳಿದದ್ದು ಮುಂದಿನ ಸಲಕ್ಕಿರಲಿ.