ಯುಎಸ್‌ಬಿ ಡಿಸ್ಕ್ ತೆಗೆದರೆ ಉಬುಂಟು ಬೂಟ್ ಆಗುತ್ತಿರಲಿಲ್ಲ, ಹೀಗೆ ಸರಿಹೋಯಿತು

ಮೂಡಿಗೆರೆಯಲ್ಲಿ ನಮ್ಮ ಮಾವನ ಕಾಫಿ ತೋಟದ ಲೆಕ್ಕವೆಲ್ಲ ಒಂದು ಉಬುಂಟು ಕಂಪ್ಯೂಟರಿನಲ್ಲಿದೆ, ಬ್ಯಾಕಪ್‌ಗೆ ಯುಎಸ್‌ಬಿ ಹಾರ್ಡ್ ಡಿಸ್ಕ್. ಆ ಡಿಸ್ಕ್ ತೆಗೆದಿಟ್ಟು ಆನ್ ಮಾಡಿದರೆ ಒಂದೂವರೆ ನಿಮಿಷ ಸುಮ್ನೆ ಕಾದು, ಆಮೇಲೆ ಕಪ್ಪು ಸ್ಕ್ರೀನಿನಲ್ಲಿ ‘ಎಮರ್ಜೆನ್ಸಿ ಮೋಡ್’ ಅಂತ ನಿಂತುಬಿಡುತ್ತಿತ್ತು. ಕಂಪ್ಯೂಟರೇ ಹೋಯಿತು ಅಂತ ಮಾವ ಹೊಸದಕ್ಕೆ ದುಡ್ಡು ಎತ್ತಿಟ್ಟಿದ್ದರು!

ತೊಂದರೆ ಇದ್ದದ್ದು ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ, ಅಂದರೆ ಬೂಟ್ ಆಗುವಾಗ ಯಾವ ಡಿಸ್ಕ್‌ಗಳನ್ನು ಜೋಡಿಸಬೇಕು ಅನ್ನುವ ಪಟ್ಟಿಯಲ್ಲಿ. ಡಿಸ್ಕ್ ಅಲ್ಲಿ ‘/ಡೆವ್/ಎಸ್‌ಡಿಬಿ1’ ಅಂತಿತ್ತು. ಪೆನ್‌ಡ್ರೈವ್ ಮೊದಲು ಸಿಕ್ಕಿಸಿದರೆ ಆ ಹೆಸರು ಅದಕ್ಕೇ ಹೋಗಬಹುದು, ಅಲ್ವಾ? ಡಿಸ್ಕ್ ಸಿಕ್ಕಿಸಿ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ಸಿಕ್ಕ ಯುಯುಐಡಿಯನ್ನು (ಡಿಸ್ಕಿನ ಆ ಭಾಗಕ್ಕೇ ಇರುವ ಗುರುತಿನ ಸಂಖ್ಯೆ) ‘ಯುಯುಐಡಿ=’ ಅಂತ ಮುಂದೆ ಸೇರಿಸಿ ಆ ಜಾಗಕ್ಕೆ ಹಾಕಿದೆ, ಅದೇ ಸಾಲಿನ ‘ಡೀಫಾಲ್ಟ್ಸ್’ ಪಕ್ಕ ಕಾಮಾ ಕೊಟ್ಟು ‘ನೋಫೇಲ್’ ಸೇರಿಸಿದೆ. ಮಧ್ಯೆ ಸ್ಪೇಸ್ ಬಿಡಬೇಡಿ. ನೋಫೇಲ್ ಇದ್ದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ರೀಸ್ಟಾರ್ಟ್‌ಗೆ ಮುಂಚೆ ‘ಸುಡೋ ಫೈಂಡ್‌ಎಂಎನ್‌ಟಿ --ವೆರಿಫೈ’ ಓಡಿಸಿ, ಸಾಲು ಕೆಟ್ಟಿದ್ದರೆ ಅಲ್ಲೇ ಹೇಳುತ್ತದೆ.